ಅಮ್ಮನ ನೀಲಿ ಫೈಲು: ಮೂರು ಆಸ್ಪತ್ರೆಗಳ ಔಷಧಿ ಚೀಟಿಗಳ ವಿಮರ್ಶೆ

ನಾಲ್ಕು ವರ್ಷಗಳಿಂದ ಅಮ್ಮನ ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ತಾರೀಖಿನ ಪ್ರಕಾರ ಪೋಣಿಸಿ ಇಟ್ಟುಕೊಂಡು ಬಂದಿದ್ದೇನೆ. ಅವರಿಗೆ ಈಗ 74 ವರ್ಷ. ರುಮಟಾಯ್ಡ್ ಸಂಧಿವಾತ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೂರೂ ಇವೆ. ಅದು ಸಾಲದೆಂಬಂತೆ ಕಳೆದ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೀಗಾಗಿ ನಮ್ಮ ತಾಲ್ಲೂಕಿನ ಒಂದು ನರ್ಸಿಂಗ್ ಹೋಮ್, ಜಿಲ್ಲಾ ಕೇಂದ್ರದ ಸರ್ಕಾರಿ ಬೋಧಕ ಆಸ್ಪತ್ರೆ ಮತ್ತು ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ, ಈ ಮೂರರ ಚೀಟಿಗಳೂ ಆ ಫೈಲಿನಲ್ಲಿ ಸೇರಿಕೊಂಡಿವೆ. ಮೂರರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಚಿಕಿತ್ಸೆ ಹೇಗಿತ್ತು, ಹಾಸಿಗೆ ಶುಚಿಯಾಗಿತ್ತೇ, ಬಿಲ್ಲು ಎಷ್ಟಾಯಿತು ಎಂಬುದೂ ಈ ಬರಹದ ವಿಷಯವಲ್ಲ. ರೋಗಿಯ ಕೈಗೆ ಕೊನೆಗೆ ಬರುವ ಆ ಒಂದು ಹಾಳೆಯನ್ನು ಎಷ್ಟು ಎಚ್ಚರದಿಂದ ಬರೆದಿದ್ದಾರೆ ಎಂಬುದಷ್ಟನ್ನೇ ನೋಡಿದ್ದೇನೆ.

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಚೆಕ್ಕು ಪಾಸು ಮಾಡುತ್ತಿದ್ದವನು. ಐನೂರು ರೂಪಾಯಿಯ ಚೆಕ್ಕು ಬಂದರೂ ತಾರೀಖು ಮೂರು ತಿಂಗಳು ದಾಟಿಲ್ಲವಷ್ಟೇ, ಅಂಕಿಯಲ್ಲಿರುವ ಮೊತ್ತವೂ ಅಕ್ಷರದಲ್ಲಿರುವ ಮೊತ್ತವೂ ಒಂದೇ ತಾನೇ, ಸಹಿ ಹೊಂದುತ್ತದೆಯೇ ಎಂದು ನೋಡದೆ ಮುಂದೆ ಕಳಿಸುತ್ತಿರಲಿಲ್ಲ. ನಾನು ಸೇವೆಗೆ ಸೇರಿದ ಕಾಲದಲ್ಲಿ ತಿದ್ದಿದ ಕಡೆಯಲ್ಲೆಲ್ಲ ಖಾತೆದಾರರ ಪೂರ್ಣ ಸಹಿ ಬೇಕಿತ್ತು. ಚೆಕ್ಕಿನ ಚಿತ್ರವನ್ನು ಕಳಿಸಿ ಕ್ಲಿಯರಿಂಗ್ ಮಾಡುವ ಪದ್ಧತಿ ಬಂದ ಮೇಲೆ ತಾರೀಖೊಂದನ್ನು ಬಿಟ್ಟು ಬೇರೆ ತಿದ್ದುಪಡಿಯನ್ನೇ ಒಪ್ಪದಂತಾಯಿತು. ಈ ಅಭ್ಯಾಸಬಲದಿಂದ ಅಮ್ಮನ ಚೀಟಿಗಳನ್ನು ಓದಲು ಕುಳಿತಾಗ, ಇವುಗಳಲ್ಲಿ ಬಹುಪಾಲನ್ನು ನಾನಾಗಿದ್ದರೆ ಮೆಮೊ ಹಚ್ಚಿ ವಾಪಸು ಕಳಿಸುತ್ತಿದ್ದೆ ಎನ್ನಿಸಿತು.

ಚೀಟಿ ಹೇಗಿರಬೇಕು ಎನ್ನುವುದಕ್ಕೆ ನಿಯಮವಿಲ್ಲವೆಂದಲ್ಲ. 1945ರ ಔಷಧ ನಿಯಮಗಳಲ್ಲಿ 65ನೆಯದರ ಪ್ರಕಾರ ಚೀಟಿ ಲಿಖಿತವಾಗಿರಬೇಕು, ಬರೆದವರ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಒಟ್ಟು ಎಷ್ಟು ಔಷಧ ಕೊಡಬೇಕು ಮತ್ತು ಒಂದು ಸಲಕ್ಕೆ ಎಷ್ಟು ತೆಗೆದುಕೊಳ್ಳಬೇಕು ಎಂಬುದು ಕಾಣಬೇಕು. ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆಯದಿದ್ದರೆ ಅದೇ ಚೀಟಿಗೆ ಎರಡನೇ ಬಾರಿ ಔಷಧ ಕೊಡುವಂತಿಲ್ಲ. ಕೊಟ್ಟ ಅಂಗಡಿಯವರು ತಮ್ಮ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ ನಮೂದಿಸಬೇಕು. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮಾವಳಿ ಪ್ರತಿ ಚೀಟಿಯಲ್ಲೂ ನೋಂದಣಿ ಸಂಖ್ಯೆ ಇರಬೇಕು ಎನ್ನುತ್ತದೆ. 2016ರ ತಿದ್ದುಪಡಿ ಅದಕ್ಕೆ ಇನ್ನಷ್ಟು ಸೇರಿಸಿ, ಔಷಧಗಳನ್ನು ಜೆನೆರಿಕ್ ಹೆಸರಿನಲ್ಲಿ (ಅಂದರೆ ಕಂಪನಿ ಇಟ್ಟ ಬ್ರ್ಯಾಂಡಿನ ಹೆಸರಲ್ಲ, ಒಳಗಿರುವ ಔಷಧದ್ದೇ ಹೆಸರಿನಲ್ಲಿ), ಓದಲು ಬರುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು. ನಾನು ಅಳತೆಗೆ ಇಟ್ಟುಕೊಂಡದ್ದು ಇಷ್ಟನ್ನೇ.

ಮೊದಲು ನರ್ಸಿಂಗ್ ಹೋಮಿನ ಚೀಟಿ. ಹಾಳೆಯ ಮೇಲಿನ ಮೂರನೇ ಒಂದು ಭಾಗ ವೈದ್ಯರ ಪದವಿಗಳಿಗೆ, ಭೇಟಿಯ ಸಮಯಕ್ಕೆ, ಭಾನುವಾರ ರಜೆಯ ಸೂಚನೆಗೆ ಹೋಗಿದೆ. ಕೆಳತುದಿಯಲ್ಲಿ ಪಕ್ಕದ ಲ್ಯಾಬಿನ ಜಾಹೀರಾತು ಇದೆ. ನಡುವೆ ಉಳಿದ ಜಾಗದಲ್ಲಿ ಐದು ಔಷಧಗಳು. ಪ್ರತಿ ಸಾಲಿನ ಮೊದಲ ಅಕ್ಷರ ಮಾತ್ರ ನೆಟ್ಟಗೆ ನಿಂತಿದೆ. ಆಮೇಲಿನದೆಲ್ಲ ಮಳೆ ನಿಂತ ಮೇಲೆ ಅಂಗಳದಲ್ಲಿ ಎರೆಹುಳು ಹರಿದ ಗೆರೆಯ ಹಾಗಿದೆ. ಆ ಕಟ್ಟಡದ ಕೆಳಗಿರುವ ಮೆಡಿಕಲ್ ಶಾಪಿನ ಹುಡುಗ ಅದನ್ನು ಒಂದೇ ಉಸಿರಿಗೆ ಓದುತ್ತಾನೆ. ಕುತೂಹಲಕ್ಕೆಂದು ಅದೇ ಚೀಟಿಯನ್ನು ಪೇಟೆಯ ಇನ್ನೆರಡು ಅಂಗಡಿಗಳಲ್ಲಿ ತೋರಿಸಿದೆ. ಮೂರನೇ ಸಾಲಿನ ಔಷಧವನ್ನು ಒಬ್ಬರು ಸಕ್ಕರೆಯ ಮಾತ್ರೆ ಎಂದರು. ಇನ್ನೊಬ್ಬರು ತಲೆಸುತ್ತಿಗೆ ಕೊಡುವುದಿರಬೇಕು ಎಂದು ಹೇಳಿ, ಸ್ವಲ್ಪ ಹೊತ್ತು ನೋಡಿ, "ಬೇಡ ಸಾರ್, ಅಲ್ಲೇ ಕೇಳಿಬಿಡಿ" ಎಂದು ಹಿಂದಿರುಗಿಸಿದರು. ಹಿಂದಿರುಗಿಸಿದವರ ಮೇಲೆಯೇ ನನಗೆ ಗೌರವ ಹೆಚ್ಚಾಯಿತು. ಒಂದೇ ಅಂಗಡಿಯಲ್ಲಿ ನಡೆಯುವ ಚೀಟಿಯನ್ನು ಚೀಟಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇದು ಬರೀ ಕೈಬರಹದ ತಮಾಷೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ನಮ್ಮ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ಮೊಕದ್ದಮೆಯನ್ನು ವಿಚಾರಿಸುವಾಗ ಇದನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಮಿದುಳಿಗೆ ಏರುವ ಮಲೇರಿಯಾಕ್ಕೆ ಒಂದರ ಔಷಧದ ಹೆಸರು ಫಾಲ್ಸಿಗೊ, ಇನ್ನೊಂದರದು ಫಾಲ್ಸಿಟ್ಯಾಬ್. ಬೇರೆ ಸರಕುಗಳಲ್ಲಿ ಹೆಸರಿನ ಹೋಲಿಕೆಯಿಂದ ಗಿರಾಕಿಗೆ ಹಣ ನಷ್ಟವಾದೀತು, ಔಷಧದಲ್ಲಾದರೆ ಜೀವಕ್ಕೇ ಕುತ್ತು ಬರಬಹುದು, ಆದ್ದರಿಂದ ಔಷಧದ ಹೆಸರುಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಎಂದ ನ್ಯಾಯಾಲಯ, ವೈದ್ಯರ ಅಕ್ಷರ ಓದಲು ಕಷ್ಟವೆಂಬ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಮೆರಿಕದಲ್ಲಿ ಲೊಸೆಕ್ ಎಂಬ ಆಮ್ಲ ತಗ್ಗಿಸುವ ಔಷಧವನ್ನು ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಎಂದು ಓದಿ ಎಡವಟ್ಟಾಗುತ್ತಿದ್ದುದರಿಂದ 1990ರಲ್ಲಿ ಮೊದಲನೆಯದರ ಹೆಸರನ್ನೇ ಅಲ್ಲಿ ಪ್ರಿಲೊಸೆಕ್ ಎಂದು ಬದಲಿಸಬೇಕಾಯಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ಓದಲು ಬರುವ ಚೀಟಿ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿ, ಕಂಪ್ಯೂಟರಿನ ಚೀಟಿ ಬರುವ ತನಕ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಸೂಚಿಸಿತು. ನಮ್ಮ ನರ್ಸಿಂಗ್ ಹೋಮಿಗೆ ಆ ಸುದ್ದಿ ತಲುಪಿದ ಲಕ್ಷಣ ಫೈಲಿನಲ್ಲಿಲ್ಲ.

ಆದರೂ ಆ ವೈದ್ಯರ ಪರವಾಗಿ ಒಂದು ಮಾತು ಹೇಳಲೇಬೇಕು. ಅಮ್ಮನ ತೂಕ, ರಕ್ತದೊತ್ತಡ, ಅಂದಿನ ಸಕ್ಕರೆಯ ಪ್ರಮಾಣ ಎಡ ಅಂಚಿನಲ್ಲಿ ಪ್ರತಿ ಸಲವೂ ಇರುತ್ತದೆ. ಮುಂದೆ ಯಾವಾಗ ಬರಬೇಕು ಎಂಬುದೂ ಇರುತ್ತದೆ. ಬೆಂಗಳೂರಿನ ಹೊರರೋಗಿ ಚೀಟಿಗಳಲ್ಲಿ ಇವೆರಡೂ ಎಷ್ಟೋ ಸಲ ಖಾಲಿ.

ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯದು ಬೇರೆಯೇ ಕಥೆ. ನಾವು ಹೋದ ಒಂದು ಬೆಳಿಗ್ಗೆ ಹನ್ನೊಂದೂವರೆಗೆ ಟೋಕನ್ ಸಂಖ್ಯೆ 140 ದಾಟಿತ್ತು. ಕೋಣೆಯಲ್ಲಿ ಇಬ್ಬರೇ ವೈದ್ಯರು. ಆ ಗದ್ದಲದಲ್ಲಿ ನಮಗೆ ಸಿಕ್ಕ ಯುವ ವೈದ್ಯೆ ಒಬ್ಬರು ಬರೆದ ಚೀಟಿ ಇಡೀ ಫೈಲಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಔಷಧದ ಹೆಸರುಗಳು ಇಂಗ್ಲಿಷಿನ ಬಿಡಿ ಬಿಡಿ ಕ್ಯಾಪಿಟಲ್ ಅಕ್ಷರಗಳಲ್ಲಿವೆ, ಎಲ್ಲವೂ ಜೆನೆರಿಕ್. ಪ್ರಮಾಣದ ಮುಂದೆ ಮಿಲಿಗ್ರಾಂ ಎಂದು ಬಿಡಿಸಿ ಬರೆದಿದೆ. ಪ್ರತಿ ಔಷಧದ ಕೆಳಗೆ ಕನ್ನಡದಲ್ಲಿ ಒಂದೊಂದು ಸಾಲು: "ಬೆಳಿಗ್ಗೆ ತಿಂಡಿ ಆದ ಮೇಲೆ 1", "ರಾತ್ರಿ ಮಲಗುವಾಗ 1, ತಲೆ ಸುತ್ತಿದರೆ ನಿಲ್ಲಿಸಿ ಬನ್ನಿ". ಅಮ್ಮ ಕನ್ನಡ ಮಾತ್ರ ಓದಬಲ್ಲವರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿ, "ಈ ಡಾಕ್ಟರಮ್ಮ ನನಗೇ ಬರ್ದಿದಾಳೆ ನೋಡು" ಎಂದರು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದಾಗ, ಔಷಧದ ಹೆಸರನ್ನು ಕನ್ನಡದಲ್ಲಿ ಬರೆದರೆ ಗೊಂದಲವಾಗದೇ ಎಂದು ನಾನೂ ಅನುಮಾನಿಸಿದ್ದೆ. ಹೆಸರು ಇಂಗ್ಲಿಷಿನಲ್ಲಿರಲಿ, ತೆಗೆದುಕೊಳ್ಳುವ ಕ್ರಮ ಕನ್ನಡದಲ್ಲಿರಲಿ ಎಂಬ ಹದವನ್ನು ಈ ವೈದ್ಯೆ ಯಾರೂ ಹೇಳದೆಯೇ ಕಂಡುಕೊಂಡಿದ್ದರು.

ಈ ಕ್ರಮ ತಿಳಿಸುವ ಸಾಲುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ದಿನಕ್ಕೊಮ್ಮೆ ಎನ್ನಲು ಓಡಿ, ಎರಡು ಸಲಕ್ಕೆ ಬಿಡಿ, ಮೂರು ಸಲಕ್ಕೆ ಟಿಡಿಎಸ್, ಮಲಗುವಾಗ ಎನ್ನಲು ಎಚ್ಎಸ್, ಬೇಕೆನಿಸಿದಾಗ ಮಾತ್ರ ಎನ್ನಲು ಎಸ್ಒಎಸ್ ಎಂದು ಬರೆಯುವ ರೂಢಿಯಿದೆ. ಇವುಗಳಲ್ಲಿ ಹೆಚ್ಚಿನವು ಲ್ಯಾಟಿನ್ನಿನ ತುಂಡುಗಳು. ಅದೇ ಓಡಿ ಕಣ್ಣಿನ ವೈದ್ಯರ ಲ್ಯಾಟಿನ್ನಿನಲ್ಲಿ ಬಲಗಣ್ಣಿನ ಗುರುತು. 1-0-1 ಎಂಬ ಅಂಕಿಯ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ, ಓದು ಬರದವರೂ ಹಿಡಿದುಕೊಳ್ಳುತ್ತಾರೆ. ಆದರೆ ಅದರಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗಷ್ಟೇ ಜಾಗವಿದೆ; ವಾರಕ್ಕೊಮ್ಮೆ ಎನ್ನುವ ಮಾತಿಗೆ ಜಾಗವೇ ಇಲ್ಲ. ಇದರ ಬೆಲೆ ಏನೆಂದು ನನಗೆ ಆಮೇಲೆ ಗೊತ್ತಾಯಿತು.

ಸರ್ಕಾರಿ ಆಸ್ಪತ್ರೆಯ ಎಲ್ಲ ಚೀಟಿಯೂ ಹಾಗಿಲ್ಲ. ಎರಡನೇ ಭೇಟಿಯಲ್ಲಿ ಬೇರೊಬ್ಬರು ಸಿಕ್ಕಿದರು. ಅವರು ಬರೆದದ್ದು ಸಿಎಸ್‌ಟಿ ಎಂಬ ಮೂರಕ್ಷರ ಮತ್ತು ಒಂದು ಗೀರು. ಅದೇ ಚಿಕಿತ್ಸೆ ಮುಂದುವರಿಸಿ ಎಂದು ಅದರ ಅರ್ಥವಂತೆ. ಯಾವುದು ಅದೇ ಎಂದು ಔಷಧ ವಿತರಣೆಯ ಕಿಟಕಿಯಲ್ಲಿ ಕೇಳಿದರು, ಹಳೆಯ ಚೀಟಿ ಊರಲ್ಲಿ ಉಳಿದಿತ್ತು. "ಹಿಂದಿನ ಮೊತ್ತವನ್ನೇ ಕೊಡಿ" ಎಂದು ಬರೆದ ಚೆಕ್ಕನ್ನು ಯಾವ ಬ್ಯಾಂಕು ತೆಗೆದುಕೊಂಡೀತು?

ಇನ್ನು ಆ ಅಂಗೈಯಗಲದ ಬಿಳಿ ಚೀಟಿ. ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಔಷಧ ಒಳಗೆ ಇಲ್ಲದಿದ್ದಾಗ ಹೊರಗಿನಿಂದ ತರಲು ಬರೆದುಕೊಡುವ ಆ ತುಂಡಿನ ಮೇಲೆ ರೋಗಿಯ ಹೆಸರಿಲ್ಲ, ತಾರೀಖಿಲ್ಲ, ಆಸ್ಪತ್ರೆಯ ಮೊಹರಿಲ್ಲ, ಸಹಿಯಿಲ್ಲ. ಹೊರಗೆ ಬರೆಯಬಾರದೆಂಬ ಸೂಚನೆ ಇರುವುದರಿಂದಲೇ ಗುರುತು ಉಳಿಸದ ಈ ಜಾಣತನ. ಅಮ್ಮನಿಗೆ ಮೂತ್ರದ ಸೋಂಕಾದಾಗ ಅಂಥ ಚೀಟಿಯಲ್ಲಿ ಸೆಫಿಕ್ಸಿಮ್ ಬರೆದುಕೊಟ್ಟಿದ್ದರು. ಅದು ಎಚ್1 ಅನುಸೂಚಿಯ ಆಂಟಿಬಯೋಟಿಕ್. 2014ರಿಂದ ಜಾರಿಯಲ್ಲಿರುವ ಆ ಅನುಸೂಚಿಯ ಪ್ರಕಾರ ಅಂಗಡಿಯವರು ಚೀಟಿ ಬರೆದವರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ವೈದ್ಯರ ಹೆಸರಿನ ಅಂಕಣದಲ್ಲಿ ಅಂಗಡಿಯವರು "ಸರ್ಕಾರಿ ಆಸ್ಪತ್ರೆ" ಎಂದು ಬರೆದುಕೊಂಡದ್ದನ್ನು ನಾನೇ ನೋಡಿದೆ. ನಿಯಮ ಪಾಲಿಸಲು ಹೊರಟವರಿಗೂ ಆ ಚೀಟಿ ದಾರಿ ಬಿಟ್ಟಿರಲಿಲ್ಲ.

ಜೆನೆರಿಕ್ ಹೆಸರಿನ ವಿಷಯದಲ್ಲಿ ಸರ್ಕಾರಿ ಆಸ್ಪತ್ರೆ ಮುಂದಿದೆ. ಅದಕ್ಕೆ ಕಾರಣ ಸರಳ: ಔಷಧಗಳು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದಿಂದ ಜೆನೆರಿಕ್ ಹೆಸರಿನಲ್ಲೇ ಬರುತ್ತವೆ, ವೈದ್ಯರು ಇರುವುದನ್ನೇ ಬರೆಯುತ್ತಾರೆ. ಖಾಸಗಿಯಲ್ಲಿ ಬ್ರ್ಯಾಂಡಿನದೇ ಕಾರುಬಾರು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಜೆನೆರಿಕ್ ಬರೆಯದಿದ್ದರೆ ಕ್ರಮ ಜರುಗಿಸುವ ಹೊಸ ನಿಯಮಾವಳಿ ಹೊರಡಿಸಿ, ವೈದ್ಯರ ಸಂಘದ ವಿರೋಧ ಬಂದ ಮೇಲೆ ಅದೇ ತಿಂಗಳ 23ಕ್ಕೆ ಅದನ್ನು ತಡೆಹಿಡಿಯಿತು. ವೈದ್ಯರ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಬರೀ ಜೆನೆರಿಕ್ ಹೆಸರು ಬರೆದರೆ ಯಾವ ಕಂಪನಿಯದು ಕೊಡಬೇಕೆಂಬ ತೀರ್ಮಾನ ಅಂಗಡಿಯವರ ಕೈಗೆ ಹೋಗುತ್ತದೆ, ಅವರು ಲಾಭ ನೋಡದೆ ಬಿಡುವುದಿಲ್ಲ. ಇನ್ನೊಂದು ಕಡೆ, ಬ್ರ್ಯಾಂಡ್ ಬರೆದರೆ ಅದೇ ಸಾರದ ಅಗ್ಗದ ಔಷಧವನ್ನು ಬದಲಿಗೆ ಕೊಡಲು 65ನೇ ನಿಯಮವೇ ಬಿಡುವುದಿಲ್ಲ. ಎರಡು ಹೆಸರನ್ನೂ ಬರೆದರೆ ನನ್ನಂಥವನಿಗೆ ಸಾಕು. ಏಕೆಂದರೆ ನಮ್ಮ ಮನೆಯಲ್ಲಿ ಆದದ್ದು ಇದು: ನರ್ಸಿಂಗ್ ಹೋಮಿನವರು ಬರೆದ ಗ್ಯಾಸ್ ಮಾತ್ರೆಯೂ ಬೆಂಗಳೂರಿನವರು ಬರೆದ ಗ್ಯಾಸ್ ಮಾತ್ರೆಯೂ ಬೇರೆ ಬೇರೆ ಬ್ರ್ಯಾಂಡಿನ ಪ್ಯಾಂಟೊಪ್ರಜೋಲ್ ಆಗಿದ್ದು, ಅಮ್ಮ ಐದು ವಾರ ಎರಡನ್ನೂ ಖಾಲಿ ಹೊಟ್ಟೆಗೆ ಶ್ರದ್ಧೆಯಿಂದ ನುಂಗಿದ್ದರು. ಒಂದು ಬಿಳಿ, ಒಂದು ಹಳದಿ. ಅವರಿಗೆ ಅವು ಎರಡು ಔಷಧ. (ಈ ಗ್ಯಾಸ್ ಮಾತ್ರೆಯಿಲ್ಲದ ಚೀಟಿ ನಮ್ಮ ಫೈಲಿನಲ್ಲಿ ಅಪರೂಪ. ಕಲ್ಯಾಣಪತ್ರಿಕೆಯ ಮೇಲಿನ ಗಣಪತಿಯಂತೆ ಅದು ಮೊದಲ ಸಾಲಿನಲ್ಲಿ ಬಂದು ಕೂತಿರುತ್ತದೆ. ಯಾವಾಗ ನಿಲ್ಲಿಸಬೇಕೆಂದು ಯಾರೂ ಬರೆದಿಲ್ಲ.)

ಬೆಂಗಳೂರಿನ ಆಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆಗೆ ಹತ್ತು ದಿನ ಇದ್ದೆವು. ವಾರ್ಡಿನೊಳಗಿನ ಔಷಧದ ಚಾರ್ಟ್ ನೋಡಿ ನನಗೆ ಸಂತೋಷವಾಯಿತು. ಅಮ್ಮನಿಗೆ ಸಲ್ಫಾ ಔಷಧ ಒಗ್ಗುವುದಿಲ್ಲವೆಂಬುದನ್ನು ಕೆಂಪು ಸ್ಟಿಕರಿನಲ್ಲಿ ಮೇಲೆಯೇ ಅಂಟಿಸಿದ್ದರು. ಪ್ರತಿ ಔಷಧದ ಎದುರು ತಾರೀಖು, ಗಂಟೆ, ಬರೆದವರ ಹೆಸರು, ಸಹಿ. ಕೊಟ್ಟ ಸಿಸ್ಟರ ಕಿರುಸಹಿ. ಇನ್ಸುಲಿನ್ನಿನ ಮುಂದೆ ಯುನಿಟ್ ಎಂಬ ಪದವನ್ನು ಇಡಿಯಾಗಿ ಬರೆದಿದ್ದರು. 10ರ ಪಕ್ಕ ಬರೀ ಯು ಎಂಬ ಇಂಗ್ಲಿಷ್ ಅಕ್ಷರ ಅಂಟಿಸಿದರೆ ಅದು ಸೊನ್ನೆಯಂತೆ ಕಂಡು 100 ಆಗಿ ಓದಿಸಿಕೊಳ್ಳುತ್ತದೆ. ಅದಕ್ಕೇ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2004ರಲ್ಲೇ ಬಳಸಬಾರದ ಸಂಕ್ಷಿಪ್ತಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ದಶಮಾಂಶ ಬಿಂದುವಿನ ಹಿಂದಿನ ಸೊನ್ನೆಯನ್ನು ಬರೆಯದೆ ಬಿಡಬಾರದು, ಪೂರ್ಣಾಂಕದ ಮುಂದೆ ಬಿಂದು ಮತ್ತು ಸೊನ್ನೆ ಹಚ್ಚಬಾರದು ಎಂಬುದೂ ಅದೇ ಪಟ್ಟಿಯಲ್ಲಿದೆ. ಬ್ಯಾಂಕಿನಲ್ಲಿ ಮೊತ್ತದ ಮುಂದೆ ಗೆರೆ ಎಳೆದು ಜಾಗ ಮುಚ್ಚುತ್ತಿದ್ದೆವಲ್ಲ, ಅಂಥದೇ ಎಚ್ಚರ. ಈ ವಾರ್ಡಿನ ಚಾರ್ಟನ್ನು ನಾನು ಕಣ್ಣುಮುಚ್ಚಿ ಪಾಸು ಮಾಡುತ್ತೇನೆ.

ಮನೆಗೆ ಕಳಿಸುವ ದಿನ ಕೈಗೆ ಬಂದ ಡಿಸ್ಚಾರ್ಜ್ ಸಮರಿ ಏಳು ಪುಟಗಳದ್ದು, ಅಚ್ಚುಕಟ್ಟಾಗಿ ಮುದ್ರಿತವಾದದ್ದು, ಒಂದು ಅಕ್ಷರವೂ ಓದಲು ಕಷ್ಟವಿಲ್ಲ. ಔಷಧಗಳ ಪಟ್ಟಿ ಆರನೇ ಪುಟದಲ್ಲಿತ್ತು. ಅದರ ನಾಲ್ಕನೇ ಸಾಲು: ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, 1-0-0, 30 ದಿನ.

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಪ್ರತಿದಿನ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗಿ, ಮೂಳೆಯ ಮಜ್ಜೆ ರಕ್ತಕಣ ಹುಟ್ಟಿಸುವುದನ್ನೇ ನಿಲ್ಲಿಸಿ ಜೀವ ಹೋಗಬಹುದು. ಹಾಗೆ ಹೋದವರು ಹಲವು ದೇಶಗಳಲ್ಲಿದ್ದಾರೆ. ವಾರದ ಯಾವ ದಿನ ಎಂಬುದನ್ನು ರೋಗಿಯೊಂದಿಗೆ ಮಾತಾಡಿ ನಿರ್ಧರಿಸಿ, ಆ ದಿನದ ಹೆಸರನ್ನು ಚೀಟಿಯಲ್ಲಿ ಪೂರ್ತಿಯಾಗಿ ಬರೆಯಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಕರು 2020ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಂದು ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಚೀಟಿ ಅಷ್ಟು ಚೆನ್ನಾಗಿ ಮುದ್ರಿತವಾಗಿತ್ತು.

ಹಿಡಿದದ್ದು ನಮ್ಮೂರಿನ ಫಾರ್ಮಸಿಸ್ಟ್, ಹಿಂದೆ ನರ್ಸಿಂಗ್ ಹೋಮಿನ ಚೀಟಿ ಓದಲಾರದೆ ಹಿಂದಿರುಗಿಸಿದ್ದ ಅದೇ ಮನುಷ್ಯ. ಪಟ್ಟಿಯ ಮೇಲೆ ಬೆರಳಿಟ್ಟು, "ಸಾರ್, ಅಮ್ಮ ಇದನ್ನ ಬುಧವಾರಕ್ಕೊಂದ್ಸಲ ಅಲ್ವಾ ತಗೊಳ್ತಿದ್ದಿದ್ದು? ಇಲ್ಲಿ ದಿನಾ ಅಂತ ಇದೆ. ನಾನಂತೂ ಕೊಡಲ್ಲ, ಮೊದಲು ಅವರಿಗೆ ಫೋನ್ ಮಾಡಿ" ಎಂದರು. ಆಸ್ಪತ್ರೆಗೆ ಫೋನ್ ಮಾಡಿದೆ. ಮೂರು ಕಡೆ ವರ್ಗಾಯಿಸಿದ ಮೇಲೆ ಸಿಕ್ಕ ಡ್ಯೂಟಿ ಡಾಕ್ಟರು ಗಾಬರಿಯಾಗಿ, ವಾರಕ್ಕೊಮ್ಮೆ ಮಾತ್ರ ಎಂದು ಎರಡು ಬಾರಿ ಹೇಳಿದರು. ಹಾಗಾದರೆ ಹೀಗೇಕೆ ಬರೆದಿರಿ ಎಂದರೆ, "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಸರ್" ಎಂಬ ಉತ್ತರ. ಕಂಪ್ಯೂಟರಿನಲ್ಲಿ ಔಷಧ ಆರಿಸಿದೊಡನೆ 1-0-0 ತಾನೇ ಬಂದು ಕೂರುತ್ತದಂತೆ. ವಾರಕ್ಕೊಮ್ಮೆ ಎನ್ನಬೇಕಾದರೆ ಕೆಳಗಿನ ಷರಾ ಅಂಕಣಕ್ಕೆ ಹೋಗಿ ಟೈಪ್ ಮಾಡಬೇಕಂತೆ, ಅದು ತಪ್ಪಿಹೋಗಿದೆ. ಅಮ್ಮನನ್ನು ನೋಡಿದ ಹಿರಿಯ ವೈದ್ಯರು ಸಮರಿಯನ್ನು ಬರೆದಿರಲಿಲ್ಲ. ಬರೆದ ಕಿರಿಯರು ಅಮ್ಮನೊಂದಿಗೆ ಮಾತಾಡಿರಲಿಲ್ಲ. ಕೆಳಗಿದ್ದ ಸಹಿ ಹಿರಿಯರದು.

ಆದ್ದರಿಂದ ಕೈಬರಹ ಹೋಗಿ ಮುದ್ರಣ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೆಟ್ಟ ಅಕ್ಷರವನ್ನು ಕಂಡ ಅಂಗಡಿಯವರು ಅನುಮಾನಪಟ್ಟಾದರೂ ಕೇಳುತ್ತಾರೆ. ಮುದ್ರಿತ ತಪ್ಪನ್ನು ಅನುಮಾನಿಸಲು ಔಷಧವೂ ಗೊತ್ತಿರಬೇಕು, ರೋಗಿಯೂ ಗೊತ್ತಿರಬೇಕು. ಬೆಂಗಳೂರಿನ ಆಸ್ಪತ್ರೆಯ ಕೆಳಗಿನ ಔಷಧದಂಗಡಿಯಲ್ಲೇ ಕೊಂಡಿದ್ದರೆ ಮೂವತ್ತು ಮಾತ್ರೆಯನ್ನೂ ಎಣಿಸಿ ಕೊಡುತ್ತಿದ್ದರೋ ಏನೋ. ಯಾವ ಔಷಧ ಯಾವ ಕಾಯಿಲೆಗೆ ಎಂದು ಪಕ್ಕದಲ್ಲಿ ಎರಡು ಪದ ಬರೆದಿದ್ದರೆ, ದಿನದ ಹೆಸರೊಂದಿದ್ದರೆ, ಕೊಡುವ ಮೊದಲು ಯಾರಾದರೂ ಒಮ್ಮೆ ಅಮ್ಮನ ಎದುರು ಕುಳಿತು ಓದಿ ಹೇಳಿದ್ದರೆ, ತಪ್ಪು ಆಸ್ಪತ್ರೆಯ ಬಾಗಿಲು ದಾಟುತ್ತಿರಲಿಲ್ಲ. ಈ ಮೂರರಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ.

ಶಿಫಾರಸು ಕೇಳುವವರಿಗೆ ಹೇಳುವುದಾದರೆ, ಸೊಂಟ ಮುರಿದರೆ ಆ ಬೆಂಗಳೂರಿನ ಆಸ್ಪತ್ರೆಗೇ ಮತ್ತೆ ಹೋಗುತ್ತೇನೆ, ಅವರ ಸಮರಿಯನ್ನು ಮಾತ್ರ ನಮ್ಮೂರಿನ ಫಾರ್ಮಸಿಸ್ಟರಿಗೆ ತೋರಿಸದೆ ಒಂದು ಮಾತ್ರೆಯನ್ನೂ ಬಿಚ್ಚುವುದಿಲ್ಲ. ನರ್ಸಿಂಗ್ ಹೋಮಿನಲ್ಲಿ ವೈದ್ಯರು ಬರೆಯುವಾಗಲೇ ಪಕ್ಕದಲ್ಲಿ ನನ್ನ ಪುಸ್ತಕ ಇಟ್ಟುಕೊಂಡು ಒಂದೊಂದೇ ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ಮೊದಮೊದಲು ಅವರಿಗೆ ಕಿರಿಕಿರಿಯಾಗುತ್ತಿತ್ತು, ಈಗ ಅವರೇ ನಿಧಾನವಾಗಿ ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯ ಆ ವೈದ್ಯೆ ಕಲಿಕೆ ಮುಗಿಸಿ ಬೇರೆಡೆಗೆ ಹೋಗಿದ್ದಾರೆ.

ಕಳೆದ ತಿಂಗಳು ಮರುಪರೀಕ್ಷೆಗೆ ಬೆಂಗಳೂರಿಗೆ ಹೋಗಿದ್ದೆವು. ಹೊಸ ಚೀಟಿಯಲ್ಲೂ ಮೆಥೊಟ್ರೆಕ್ಸೇಟಿನ ಮುಂದೆ ಯಂತ್ರ 1-0-0 ಎಂದೇ ಮುದ್ರಿಸಿತ್ತು. ನಾನು ಬಾಯಿ ತೆರೆಯುವ ಮೊದಲೇ ಹಿರಿಯ ವೈದ್ಯರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡದಾಗಿ "ಬುಧವಾರ ಮಾತ್ರ" ಎಂದು ಕನ್ನಡದಲ್ಲಿ ಬರೆದು ಅಮ್ಮನಿಗೆ ತೋರಿಸಿದರು. ತಿದ್ದಿದ ಕಡೆ ಸಹಿ ಇರಲಿಲ್ಲ. ಕೇಳಿದೆ, ನಕ್ಕು ಹಾಕಿಕೊಟ್ಟರು.